ಅಟ್ಟದ ಮೇಲಿನ ಕಾಮಿಕ್ಸ್ ಆನ್‌ಲೈನ್ ಹರಾಜಿಗೆ: ಬೆಲೆ ಇಡುವುದು ಹೇಗೆ?

ಮೂರು ವರ್ಷದ ಹಿಂದೆ ಶಿರಸಿ ಹತ್ತಿರದ ನಮ್ಮ ಮನೆಯ ಅಟ್ಟ ಗುಡಿಸುವಾಗ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ 112 ಕಾಮಿಕ್ಸ್. ಹೆಚ್ಚಿನವು ಇಂದ್ರಜಾಲ, ಒಂದಿಷ್ಟು ಅಮರ ಚಿತ್ರಕಥೆ, ಮೇಲಿನ ಪದರದಲ್ಲಿ ನನ್ನದೇ ಬಾಲಮಂಗಳಗಳು, ಡಿಂಗನ ಕಥೆ ಇರುವಂಥವು. ಉಳಿದದ್ದೆಲ್ಲ ಚಿಕ್ಕಪ್ಪ ಕಾರವಾರದಲ್ಲಿ ಓದುವಾಗ ಕೂಡಿಟ್ಟದ್ದು. "ರದ್ದಿಗೆ ಹಾಕು, ಜಾಗ ಆಗ್ತದೆ" ಅಂದರು ಅವರು. ನಾನು ಹರಾಜಿಗೆ ಹಾಕಿದೆ.

ಮೊದಲನೇ ಹರಾಜಿನಲ್ಲೇ ಕೈ ಸುಟ್ಟುಕೊಂಡೆ. ಒಂದು ರೂಪಾಯಿಗೆ ಶುರು ಮಾಡಿದರೆ ಜನ ಮುಗಿಬೀಳುತ್ತಾರೆ ಅಂತ ಯಾರೋ ವಿಡಿಯೋದಲ್ಲಿ ಹೇಳಿದ್ದನ್ನು ನಂಬಿ, ಪೆಟ್ಟಿಗೆಯಲ್ಲೇ ಚೆನ್ನಾಗಿದ್ದ ಒಂದು ಕನ್ನಡ ಇಂದ್ರಜಾಲವನ್ನು ಕಾಮಿಕ್ಸ್ ಪ್ರಿಯರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ರೂಪಾಯಿಗೆ ಇಟ್ಟೆ. ಗ್ರೂಪಿನಲ್ಲಿ ಇನ್ನೂರು ಚಿಲ್ಲರೆ ಜನ. ಜುಲೈ ತಿಂಗಳು, ಹೊರಗೆ ಜಡಿಮಳೆ. 90 ರೂಪಾಯಿಗೆ ಹರಾಜು ಮುಗಿಯಿತು. ಮರುದಿನ ಅಂಕೋಲಾದಿಂದ ಒಬ್ಬರ ಫೋನ್: "ನಿನ್ನೆ ರಾತ್ರಿ ನಮ್ಮಲ್ಲಿ ಕರೆಂಟೂ ಇಲ್ಲ, ನೆಟ್ಟೂ ಇಲ್ಲ. ನಾನು ಎಂಟುನೂರರ ತನಕ ಬರೋನಿದ್ದೆ."

ಭಾವನಿಗೆ ಹೇಳಿದರೆ ನಕ್ಕ. "ಎಂತದು ಮಾರಾಯ, ಅಡಿಕೆ ಆಗಿದ್ರೆ ಒಂದು ರೂಪಾಯಿಂದ ಶುರು ಮಾಡ್ತಿದ್ಯಾ?"

ಅವತ್ತಿನಿಂದ ಬೆಲೆ ಇಡುವ ನನ್ನ ಕ್ರಮವೇ ಬದಲಾಯಿತು. ಅದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತೇನೆ.

1. ಬೆಲೆ ಕಟ್ಟುವವನು ಎರಡನೆಯವನು

ಶಿರಸಿಯ ಅಡಿಕೆ ಟೆಂಡರು ನೋಡಿದವರಿಗೆ ಗೊತ್ತು. ವ್ಯಾಪಾರಿಗಳು ಲಾಟು ಲಾಟು ನೋಡುತ್ತಾ, ಅಡಿಕೆ ಕೈಯಲ್ಲಿ ಹಿಡಿದು, ತಮ್ಮ ದರ ಬರೆಯುತ್ತಾರೆ. ಇನ್ನೊಬ್ಬ ಎಷ್ಟು ಬರೆದ ಅಂತ ಯಾರಿಗೂ ಗೊತ್ತಿಲ್ಲ. ಹೆಚ್ಚು ಬರೆದವನು ತಾನು ಬರೆದಷ್ಟೂ ಕೊಡಬೇಕು.

ಆನ್‌ಲೈನ್ ಹರಾಜು ಹಾಗಲ್ಲ. ಇಬೇಯಂಥ ಹರಾಜು ತಾಣದಲ್ಲಿ ಕೊಳ್ಳುವವನು ತನ್ನ ಗರಿಷ್ಠ ಮೊತ್ತವನ್ನು ಮೊದಲೇ ಹಾಕಿಡುತ್ತಾನೆ. ವ್ಯವಸ್ಥೆ ಅವನ ಪರವಾಗಿ ಬೇಕಾದಷ್ಟೇ ಏರಿಸುತ್ತದೆ. ಒಬ್ಬ 60 ಡಾಲರ್ ಹಾಕಿಟ್ಟ, ಇನ್ನೊಬ್ಬ 40 ಡಾಲರ್ ಹಾಕಿದ ಅನ್ನಿ. ಹರಾಜು 41ಕ್ಕೆ ನಿಲ್ಲುತ್ತದೆ. 60 ಕೊಡಲು ತಯಾರಿದ್ದವನ ಉಳಿದ 19 ಡಾಲರ್ ಅವನ ಕಿಸೆಯಲ್ಲೇ. ವಾಟ್ಸಾಪಿನಲ್ಲಿ ಕೂಗುವ ಹರಾಜೂ ಅಷ್ಟೇ, ಬೈತಖೋಲ ಬಂದರಿನಲ್ಲಿ ಬುಟ್ಟಿ ಬಂಗುಡೆ ಮೀನಿಗೆ ಕೂಗುವುದೂ ಅಷ್ಟೇ: ಎರಡನೆಯವನು ಸುಮ್ಮನಾದ ಕ್ಷಣಕ್ಕೆ ಬೆಲೆ ನಿಂತಿತು. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಇದೇ ಎರಡನೇ ಬೆಲೆಯ ವಿಚಾರ ಇದೆ. 1996ರಲ್ಲಿ ಅವರಿಗೆ ನೊಬೆಲ್ ಬಂತು.

ಹಾಗಾಗಿ "ಇದಕ್ಕೆ ಹುಚ್ಚು ಹಿಡಿದವನು ಎಷ್ಟು ಕೊಡ್ತಾನೆ" ಅಂತ ಯೋಚಿಸಿ ಪ್ರಯೋಜನ ಇಲ್ಲ. ಅವನ ಹಿಂದೆ ನಿಂತವನು ಯಾರು, ಅವತ್ತು ಅವನು ಬರುತ್ತಾನಾ ಅನ್ನುವುದೇ ಲೆಕ್ಕ. ನನ್ನ ಎರಡನೆಯವನು ಅಂಕೋಲಾದ ಕತ್ತಲಲ್ಲಿ ಕೂತಿದ್ದ.

2. ಕೈಯಲ್ಲಿ ಏನಿದೆ ಅಂತ ಮೊದಲು ಗುರುತಿಸಿ

ಇಂದ್ರಜಾಲ ಶುರುವಾದದ್ದು 1964ರ ಮಾರ್ಚ್‌ನಲ್ಲಿ, ನಿಂತದ್ದು 1990ರಲ್ಲಿ. ಅರ್ಧಕ್ಕಿಂತ ಜಾಸ್ತಿ ಸಂಚಿಕೆಗಳಲ್ಲಿ ಮುಖವಾಡದ ನಾಯಕ ಫ್ಯಾಂಟಮ್. 1976ರಲ್ಲಿ ನಮ್ಮ ದೇಶದ್ದೇ ನಾಯಕ ಬಹಾದ್ದೂರ್ ಬಂದ. ಇದು ಹಲವು ಭಾಷೆಗಳಲ್ಲಿ ಬರುತ್ತಿತ್ತು, ಹಾಗಾಗಿ ಸಂಚಿಕೆ ಸಂಖ್ಯೆಯ ಜೊತೆ ಭಾಷೆಯನ್ನೂ ಎದ್ದು ಕಾಣುವ ಹಾಗೆ ಬರೆಯಿರಿ. ಇಂಗ್ಲಿಷ್ ಪ್ರತಿಗೆ ದೇಶವಿಡೀ ಗಿರಾಕಿ ಇದ್ದಾರೆ. ಕನ್ನಡ ಪ್ರತಿಗೆ ಗಿರಾಕಿ ಕಡಿಮೆ, ಆದರೆ ಪ್ರತಿಗಳೂ ಕಡಿಮೆ. ಸಿಗದ ವಸ್ತು ಅಂತ ಬೆಲೆ ತಾನಾಗಿ ಏರುವುದಿಲ್ಲ. ಸಿಗದ ವಸ್ತುವಿಗೆ ಇಬ್ಬರು ಗುದ್ದಾಡಬೇಕು.

ಅಮರ ಚಿತ್ರಕಥೆಯಲ್ಲಿ ಗೊಂದಲ ಜಾಸ್ತಿ. ಮರುಮುದ್ರಣ ಲೆಕ್ಕವಿಲ್ಲದಷ್ಟು ಆಗಿದೆ. "1970ರ ಪುಸ್ತಕ" ಅಂತ ಹಾಕಿ, ಆಮೇಲೆ ಕೊಂಡವರು "ಇದು 90ರ ದಶಕದ್ದು" ಅಂದರೆ ಹಣ ವಾಪಸ್, ಮರ್ಯಾದೆಯೂ ಹೋಯಿತು. ಕಾಲ ಹಿಡಿಯಲು ನಾನು ನೋಡುವುದು ಪ್ರಕಾಶಕರ ವಿಳಾಸ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ. ವಿಳಾಸದಲ್ಲಿ ಆರಂಕಿಯ ಪಿನ್ ಇದ್ದರೆ ಅದಕ್ಕಿಂತ ಹಳೆಯದಲ್ಲ. ಇಂಗ್ಲಿಷ್ ಪ್ರತಿಯಲ್ಲಿ ಬಾಂಬೆ ಹೋಗಿ ಮುಂಬೈ ಆಗಿದ್ದರೆ 1995ರಿಂದ ಈಚೆಗೆ. ಪ್ರಕಾಶಕರ ಹೆಸರು ಎಸಿಕೆ ಮೀಡಿಯಾ ಅಂತ ಇದ್ದರೆ 2007 ಅಥವಾ ಅದರ ನಂತರ. ಮುಖಪುಟದ ಬೆಲೆ, ಹಿಂಬದಿಯ ಪುಸ್ತಕ ಪಟ್ಟಿ ಕೂಡ ಸುಳಿವು ಕೊಡುತ್ತವೆ: ಆಮೇಲೆ ಬಂದ ಪುಸ್ತಕದ ಹೆಸರು ಪಟ್ಟಿಯಲ್ಲಿ ಇದ್ದರೆ ನಿಮ್ಮದು ಮೊದಲ ಮುದ್ರಣ ಅಲ್ಲ.

ಇಲ್ಲೊಂದು ವಿಷಯ ಹೇಳಲೇಬೇಕು. ಸಂಪಾದಕ ಅನಂತ ಪೈ ಅವರ ಹೆಸರಿನ ಜೊತೆ ಬೆಸೆದುಕೊಂಡ ಈ ಮಾಲೆಯ ಇಂಗ್ಲಿಷ್ ಸಂಖ್ಯೆ 11ರಿಂದ ಶುರುವಾಗುತ್ತದೆ, ಅದು ಕೃಷ್ಣನ ಕಥೆ. ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿ ಬಂದಿದ್ದವು, ಬೆಂಗಳೂರಿನಿಂದ, 1965ರ ಹೊತ್ತಿಗೆ, ಪಾಶ್ಚಾತ್ಯ ಮಕ್ಕಳ ಕಥೆಗಳು. ಅಂಥದ್ದೊಂದು ನಿಮ್ಮ ಅಟ್ಟದಲ್ಲಿ ಸಿಕ್ಕರೆ ಈ ಬರಹದ ಯಾವ ಲೆಕ್ಕವನ್ನೂ ಹಚ್ಚಬೇಡಿ. ಗಡಿಬಿಡಿ ಬೇಡ. ಹಳೇ ಸಂಗ್ರಾಹಕರು ನಾಲ್ಕೈದು ಜನಕ್ಕೆ ಫೋಟೋ ತೋರಿಸಿ, ಅವರು ಏನು ಹೇಳುತ್ತಾರೆ ಅಂತ ಕೇಳಿ, ಆಮೇಲೆ ಮುಂದಿನದು.

3. ಸ್ಥಿತಿ: ರಾಶಿಯಾ, ಬೆಟ್ಟೆಯಾ, ಗೋಟಾ?

ಅಡಿಕೆಯನ್ನು ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು ಅಂತ ವಿಂಗಡಿಸದೆ ಒಟ್ಟಿಗೆ ಸುರಿದರೆ ವ್ಯಾಪಾರಿ ಕೆಳಗಿನ ದರವನ್ನೇ ಬರೆಯುತ್ತಾನೆ. ಕಾಮಿಕ್ಸ್ ಕೊಳ್ಳುವವನೂ ಹಾಗೆಯೇ. ನೀವು ಹೇಳದೇ ಬಿಟ್ಟದ್ದನ್ನು ಕೆಟ್ಟದ್ದು ಅಂತಲೇ ಅಂದಾಜು ಮಾಡಿಕೊಳ್ಳುತ್ತಾನೆ.

ಅಮೆರಿಕದಲ್ಲಿ 10 ಅಂಕದ ಮಾಪನ ಇದೆ. ಪುಸ್ತಕ ಪರೀಕ್ಷಿಸಿ, ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ಕೊಡುವ ಸಿಜಿಸಿಯಂಥ ಸಂಸ್ಥೆಗಳಿವೆ. 1938ರ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ 8.5 ಅಂಕದ ಪ್ರತಿಯೊಂದು 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಐನೂರೋ ಸಾವಿರವೋ ರೂಪಾಯಿ ಬಾಳುವ ನಮ್ಮ ಪುಸ್ತಕವನ್ನು ಅಲ್ಲಿಗೆ ಕಳಿಸುವುದು ಅಂದರೆ ಬಂಗುಡೆಗಿಂತ ಐಸ್ ದುಬಾರಿ ಆದ ಹಾಗೆ. ಸ್ವಂತ ಕಣ್ಣಲ್ಲಿ ನೋಡಿ, ನೋಡಿದ್ದನ್ನು ಬರೆಯಿರಿ.

ಏನು ನೋಡಬೇಕು? ಮೊದಲು ನಡುಪುಟ. ಪಿನ್ನು ತುಕ್ಕು ಹಿಡಿದು ನಡುವಿನ ಹಾಳೆ ಕಳಚಿ ಬಿದ್ದಿರುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ನಮ್ಮ ಕಡೆ ಪಿನ್ನು ತುಕ್ಕು ಹಿಡಿಯದ ಹಳೇ ಪುಸ್ತಕ ಸಿಕ್ಕರೆ ಅದೇ ಒಂದು ಸುದ್ದಿ. ಪುಟಗಳನ್ನು ಒಂದೊಂದಾಗಿ ಎಣಿಸಿ. ಆಮೇಲೆ ಹಿಂಬದಿ ರಟ್ಟು, ಕತ್ತರಿಸಿದ ಕೂಪನ್, ಪೆನ್ನಿನಲ್ಲಿ ತುಂಬಿದ ಪದಬಂಧ, ಬರೆದ ಹೆಸರು, ಹಳದಿಯಾದ ಸೆಲ್ಲೋಟೇಪ್, ಬೂಸಿನ ಕಲೆ, ಹುಳ ಕೊರೆದ ತೂತು.

ವಾಸನೆಯನ್ನೂ ಬರೆಯಿರಿ. ನಮ್ಮ ಪೆಟ್ಟಿಗೆ ಅಡುಗೆಮನೆಯ ಮೇಲಿನ ಅಟ್ಟದಲ್ಲಿತ್ತು. ಹೊಗೆಗೆ ಒಂದು ಹುಳವೂ ಮುಟ್ಟಿಲ್ಲ, ಆದರೆ ಮೂಗಿಗೆ ಹಿಡಿದರೆ ಒಲೆಯ ಮುಂದೆ ಕೂತ ಹಾಗೆ. ಮೊದಲ ಎರಡು ಪ್ರತಿ ಕೊಂಡವರು ಬೇಜಾರು ಮಾಡಿಕೊಂಡರು. ಈಗ ವಿವರದಲ್ಲೇ "ಹೊಗೆ ವಾಸನೆ ಇದೆ, ಹುಳ ಇಲ್ಲ" ಅಂತ ಹಾಕುತ್ತೇನೆ. ಬಿಡ್, ಅಂದರೆ ಹರಾಜಿನಲ್ಲಿ ಕೂಗುವ ಬೆಲೆ, ಏನೂ ಕಡಿಮೆ ಆಗಿಲ್ಲ. ಫೋಟೋ ಹಗಲು ಬೆಳಕಿನಲ್ಲಿ, ಹರಿದ ಜಾಗ ಹತ್ತಿರದಿಂದ. ದೋಷ ಕಂಡವನು ಹೆದರುವುದಿಲ್ಲ, ದೋಷ ಎಷ್ಟಿದೆ ಅಂತ ಗೊತ್ತಾಗದವನು ಹೆದರುತ್ತಾನೆ. ಅಂಥ ಹೆದರಿಕೆಯಲ್ಲಿ ಮೊದಲು ಹಿಂದೆ ಸರಿಯುವವನು ನಿಮ್ಮ ಎರಡನೆಯವನು.

4. ಮಾರಿದ ಬೆಲೆ ನೋಡಿ, ಕೇಳುವ ಬೆಲೆ ಅಲ್ಲ

ಯಾರೋ ಒಬ್ಬರು ಒಂದು ಇಂದ್ರಜಾಲಕ್ಕೆ 15,000 ಅಂತ ಹಾಕಿರುತ್ತಾರೆ. ವರ್ಷದಿಂದ ಅಲ್ಲೇ ಇದೆ. ಅದು ಬೆಲೆಯಲ್ಲ, ಆಸೆ.

ಇಬೇ ಇಂಡಿಯಾ 2018ರಲ್ಲಿ ಬಾಗಿಲು ಹಾಕಿತು. ಆದರೂ ಅಂತರರಾಷ್ಟ್ರೀಯ ತಾಣದಲ್ಲಿ ಹುಡುಕಿ, 'ಸೋಲ್ಡ್ ಐಟಮ್ಸ್' ಅಂತ ಸೋಸಿದರೆ ನಿಜಕ್ಕೂ ಮಾರಾಟವಾದದ್ದು ಕಾಣುತ್ತದೆ. ಅಲ್ಲಿ ಬೆಲೆಯ ಮೇಲೆ ಗೀಟು ಎಳೆದಿದ್ದರೆ ಚೌಕಾಸಿ ಆಗಿ ಅದಕ್ಕಿಂತ ಕಡಿಮೆಗೆ ಹೋಗಿದೆ ಅಂತ ಅರ್ಥ. ವಾಟ್ಸಾಪ್, ಫೇಸ್‌ಬುಕ್ ಗ್ರೂಪುಗಳಲ್ಲಾದರೆ ಹಿಂದಕ್ಕೆ ಹೋಗಿ ಹುಡುಕಿ. ನಾನೊಂದು ನೋಟ್‌ಬುಕ್ ಇಟ್ಟಿದ್ದೇನೆ: ಸಂಚಿಕೆ, ಭಾಷೆ, ಸ್ಥಿತಿ, ಕೊನೆಯ ಬೆಲೆ, ಜೊತೆಗೆ ಎಷ್ಟು ಜನ ಬಿಡ್ ಹಾಕಿದರು. ಈ ಕೊನೆಯದನ್ನು ಯಾರೂ ಬರೆದಿಡುವುದಿಲ್ಲ, ನನಗೆ ಅದೇ ಎಲ್ಲಕ್ಕಿಂತ ಉಪಯೋಗ. ಇಬ್ಬರು ಹಟಕ್ಕೆ ಬಿದ್ದು 2,000 ಮಾಡಿದರೆ ಅದೇ ಪುಸ್ತಕದ ಮುಂದಿನ ಪ್ರತಿಗೆ ಅಷ್ಟು ಬರುವುದಿಲ್ಲ. ಗೆದ್ದವನು ಹೊರಗೆ ಹೋದ, ಉಳಿದವನು ಒಬ್ಬನೇ. ಏಳು ಜನ ಸೇರಿ 900 ಮಾಡಿದ್ದರೆ ಅದು ನಂಬುವ ಬೆಲೆ. ಮೂರ್ನಾಲ್ಕು ಮಾರಾಟ ಸಿಕ್ಕರೆ ನಡುವಿನದನ್ನು ಅಂದಾಜು ಅಂತ ಹಿಡಿಯಿರಿ, ಮೇಲಿನದನ್ನು ಮರೆತುಬಿಡಿ.

5. ಕೈಗೆ ಬರುವುದು ಎಷ್ಟು?

ಬೇಗ ಮುಗಿಸುತ್ತೇನೆ. 1,000 ರೂಪಾಯಿಗೆ ಹೋಯಿತು ಅನ್ನಿ. ತಾಣದ ಕಮಿಷನ್ ಲೆಕ್ಕಕ್ಕೆ ಶೇ. 12 ಅಂತ ಇಟ್ಟುಕೊಂಡರೆ 120. ಪ್ಲಾಸ್ಟಿಕ್ ಕವರು, ರಟ್ಟು, ಟೇಪು 40. ಅಂಚೆ ವೆಚ್ಚ ನೀವೇ ಹಾಕಿಕೊಂಡರೆ ಇನ್ನೊಂದು 80. ಕೈಗೆ 760. ಇಬೇಯಲ್ಲಿ ಕಮಿಷನ್ನು ಅಂಚೆ ವೆಚ್ಚ ಸೇರಿದ ಮೊತ್ತದ ಮೇಲೆ ಬೀಳುತ್ತದೆ, ಅದನ್ನು ಮರೆಯಬೇಡಿ. ವಾಟ್ಸಾಪಿನಲ್ಲಿ ಕಮಿಷನ್ ಇಲ್ಲ, ಆದರೆ ಮೋಸ ಆದರೆ ಕೇಳುವವರೂ ಇಲ್ಲ. ಹಣ ಬರಲು ಯಾವತ್ತೂ ಯುಪಿಐ ಪಿನ್ ಒತ್ತಬೇಕಾಗಿಲ್ಲ. ಕ್ಯೂಆರ್ ಕಳಿಸಿ "ಸ್ಕ್ಯಾನ್ ಮಾಡಿ, ದುಡ್ಡು ಬರ್ತದೆ" ಅಂದವನನ್ನು ಅಲ್ಲಿಗೇ ಬಿಡಿ.

ಈ ಲೆಕ್ಕದಿಂದ ನಿಮ್ಮ ತಳದ ಬೆಲೆ ಸಿಗುತ್ತದೆ: ಇದಕ್ಕಿಂತ ಕೆಳಗೆ ಹೋದರೆ ರಾತ್ರಿ ನಿದ್ದೆ ಬರುವುದಿಲ್ಲ ಅನ್ನುವ ಅಂಕೆ. ಹರಾಜಿನ ಮುಂಚೆ ಬರೆದಿಡಿ. ಹರಾಜು ನಡೆಯುವಾಗ ಯೋಚಿಸಿದರೆ ಸರಿ ಹೋಗುವುದಿಲ್ಲ.

6. ಶುರುವಿನ ಬೆಲೆ

ಎಲ್ಲಕ್ಕಿಂತ ದೊಡ್ಡ ತೀರ್ಮಾನ ಇದು. ಇದಕ್ಕೆ ಮೊದಲು ಗಿರಾಕಿಗಳನ್ನು ಎಣಿಸಬೇಕು. ನಾನು ಮಾಡುವುದು ಹೀಗೆ. ಹರಾಜಿನ ಒಂದು ವಾರ ಮುಂಚೆ ಬೆಲೆ ಹಾಕದೆ ಬರೀ ಮುಖಪುಟದ ಫೋಟೋ ಹಾಕುತ್ತೇನೆ, "ಮುಂದಿನ ಭಾನುವಾರ" ಅಂತ. ಲೈಕ್ ಒತ್ತಿದವರನ್ನು, "ಆಹಾ ಬಾಲ್ಯ ನೆನಪಾಯ್ತು" ಅಂದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. "ನಡುಪುಟ ಇದೆಯಾ?", "ಹಿಂದಿನ ರಟ್ಟು ತೋರಿಸಿ" ಅಂತ ಕೇಳಿದವರು ಕೊಳ್ಳುವವರು. ಇಬೇಯಲ್ಲಿ ಹಿಂದಿನ ಹರಾಜುಗಳ ಬಿಡ್ ಸಂಖ್ಯೆ, ಎಷ್ಟು ಜನ ಕಣ್ಣಿಟ್ಟಿದ್ದಾರೆ ಅನ್ನುವುದು ಈ ಕೆಲಸ ಮಾಡುತ್ತದೆ.

ಅಂದಾಜು ಬೆಲೆ 800 ಅಂತ ಇಟ್ಟುಕೊಳ್ಳೋಣ.

ನಿಜವಾದ ಗಿರಾಕಿಗಳು ನಾಲ್ಕು ಅಥವಾ ಹೆಚ್ಚು ಇದ್ದರೆ ಧೈರ್ಯವಾಗಿ 200ಕ್ಕೆ ಶುರು ಮಾಡಿ. ಕಡಿಮೆ ಬೆಲೆ ನೋಡಿ ಇನ್ನೂ ಇಬ್ಬರು ಸೇರಿಕೊಳ್ಳುತ್ತಾರೆ. ಒಮ್ಮೆ ಬಿಡ್ ಹಾಕಿದವನಿಗೆ ಪುಸ್ತಕ ತನ್ನದೇ ಅನಿಸಲು ಶುರುವಾಗುತ್ತದೆ, ಬಿಡಲು ಮನಸ್ಸು ಬರುವುದಿಲ್ಲ. ಫ್ಯಾಂಟಮ್‌ನ ಹಳೇ ಇಂಗ್ಲಿಷ್ ಸಂಚಿಕೆಗಳಿಗೆ ನಾನು ಹೀಗೇ ಮಾಡುತ್ತೇನೆ.

ಇಬ್ಬರು ಮೂವರು ಮಾತ್ರ ಇದ್ದರೆ 500ರಿಂದ 550. ಅಂದರೆ ನಿಮ್ಮ ತಳದ ಬೆಲೆಯೇ ಶುರುವಿನ ಬೆಲೆ. ಒಬ್ಬ ಬಾರದೇ ಹೋದರೂ ನಷ್ಟ ಇಲ್ಲ. ಕನ್ನಡ ಪ್ರತಿಗಳಲ್ಲಿ ಹೆಚ್ಚಿನವು ಈ ಗುಂಪಿಗೆ ಸೇರುತ್ತವೆ. ವಿಡಿಯೋದವರ ಒಂದು ರೂಪಾಯಿ ಉಪದೇಶ ಸಾವಿರಾರು ಗಿರಾಕಿ ಇರುವ ಊರಿನದ್ದು, ನಮ್ಮದಲ್ಲ.

ಒಬ್ಬನೇ ಇದ್ದರೆ ಹರಾಜೇ ಬೇಡ. 900 ಅಂತ ನೇರ ಬೆಲೆ ಹಾಕಿ, ಚೌಕಾಸಿಗೆ ಜಾಗ ಬಿಡಿ. ಎರಡನೆಯವನು ಇಲ್ಲದ ಹರಾಜಿನಲ್ಲಿ ನಿಮ್ಮ ಶುರುವಿನ ಬೆಲೆಯೇ ಕೊನೆಯ ಬೆಲೆ.

ಗುಟ್ಟಾಗಿ ಕನಿಷ್ಠ ಬೆಲೆ ಇಟ್ಟು, "ಅಷ್ಟು ಬರಲಿಲ್ಲ, ಕೊಡೋದಿಲ್ಲ" ಅನ್ನುವ ಪದ್ಧತಿಯೂ ಇದೆ. ಅಡಿಕೆ ಬೆಳೆಗಾರ ದರ ಒಪ್ಪಿಗೆ ಆಗದಿದ್ದರೆ ಮಾಲು ಇಟ್ಟುಕೊಳ್ಳುತ್ತಾನೆ, ಅಲ್ವಾ? ಆದರೆ ವ್ಯಾಪಾರಿ ಮುಂದಿನ ಟೆಂಡರಿಗೂ ಬಂದೇ ಬರುತ್ತಾನೆ. ಕಾಮಿಕ್ಸ್ ಗಿರಾಕಿ ಹಾಗಲ್ಲ. ಎರಡು ಸಲ ಕೊಡದೇ ಹೋದರೆ ನಿಮ್ಮ ಹರಾಜಿಗೆ ತಲೆ ಹಾಕುವುದಿಲ್ಲ. ತಳದ ಬೆಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಶುರುವಿಗೇ ಇಟ್ಟುಬಿಡಿ.

ಹರಾಜು ಶುರುವಾದ ಮೊದಲ ದಿನವೇ ಇನ್‌ಬಾಕ್ಸಿನಲ್ಲಿ "1,200 ಕೊಡ್ತೇನೆ, ಈಗಲೇ ಮುಗಿಸಿ" ಅಂತ ಬಂದರೆ? ಖುಷಿ ಆಗುತ್ತದೆ ನಿಜ. ಆದರೆ ಯಾರಾದರೂ ಬಿಡ್ ಹಾಕಿದ ಮೇಲೆ ಒಳಗೊಳಗೇ ಮಾರಬೇಡಿ. "ಅಷ್ಟು ಮೊತ್ತಕ್ಕೆ ಬಿಡ್ ಹಾಕಿಡಿ" ಅಂತ ಹೇಳಿ. ಅಳಿಯನ ನಂಬರಿನಿಂದ ಬಿಡ್ ಹಾಕಿಸಿ ಏರಿಸುವ ಉಪಾಯವೂ ಬೇಡ. ಇಬೇ ಅದನ್ನು ನಿಷೇಧಿಸಿದೆ. ಕನ್ನಡ ಕಾಮಿಕ್ಸ್ ಬಳಗವಂತೂ ಎಷ್ಟು ಸಣ್ಣದು ಅಂದರೆ ಅಳಿಯ ಯಾರು ಅಂತ ವಾರದಲ್ಲಿ ಎಲ್ಲರಿಗೂ ಗೊತ್ತು.

7. ಏರಿಕೆ, ಕಟ್ಟು, ಸರದಿ

ವಾಟ್ಸಾಪ್ ಹರಾಜಿನಲ್ಲಿ ಏರಿಕೆಯನ್ನು ನೀವೇ ಹೇಳಬೇಕು. 500ರ ತನಕ 20, ಸಾವಿರದ ತನಕ 50, ಅದರ ಮೇಲೆ 100 ನನಗೆ ಸರಿ ಹೋಗಿದೆ. ಐದೈದು ರೂಪಾಯಿ ಏರಿಸಿದರೆ ಎಲ್ಲರಿಗೂ ಬೇಜಾರು. ತೀರಾ ದೊಡ್ಡ ಹೆಜ್ಜೆ ಇಟ್ಟರೆ ಎರಡನೆಯವನು ಒಂದು ಹೆಜ್ಜೆ ಮುಂಚೆಯೇ ನಿಲ್ಲುತ್ತಾನೆ.

ಒಳ್ಳೆಯದನ್ನು ಒಂಟಿಯಾಗಿ ಮಾರಿ. ಹರಿದವು, ಸಾಧಾರಣದವು ಹತ್ತರ ಕಟ್ಟು. ಕಟ್ಟು ಬೇಗ ಹೋಗಲಿ ಅಂತ ಒಂದು ಒಳ್ಳೆಯದನ್ನು ಒಳಗೆ ಸೇರಿಸಬೇಡಿ, ಅದರ ಬೆಲೆ ಕಟ್ಟಿನಲ್ಲಿ ಮುಳುಗಿಹೋಗುತ್ತದೆ. ಎರಡು ಮೂರು ಸಂಚಿಕೆಗಳಲ್ಲಿ ಮುಂದುವರಿದ ಕಥೆ ಇದ್ದರೆ ಅವನ್ನು ಮಾತ್ರ ಬಿಡಿಸಬೇಡಿ.

ಒಂದೇ ಸಂಚಿಕೆಯ ಎರಡು ಪ್ರತಿ ಇದ್ದರೆ ಒಂದೇ ದಿನ ಇಡಬೇಡಿ. ಆರ್ಲಿ ಆಶೆನ್‌ಫೆಲ್ಟರ್ ಎಂಬ ಅರ್ಥಶಾಸ್ತ್ರಜ್ಞರು ವೈನ್ ಹರಾಜುಗಳನ್ನು ನೋಡಿ 1989ರಲ್ಲಿ ಬರೆದರು: ಒಂದೇ ಮಾಲು ಸಾಲಾಗಿ ಹರಾಜಾದರೆ ಆಮೇಲೆ ಬಂದದ್ದಕ್ಕೆ ಬೆಲೆ ಏರುವುದಕ್ಕಿಂತ ಇಳಿಯುವುದೇ ಜಾಸ್ತಿ. ನಾನು ಎರಡು ತಿಂಗಳಾದರೂ ಬಿಡುತ್ತೇನೆ.

8. ಯಾವಾಗ ಮುಗಿಸಬೇಕು?

ತಿಂಗಳ ಮೊದಲ ವಾರ, ಸಂಬಳ ಕೈಯಲ್ಲಿದ್ದಾಗ. ಭಾನುವಾರ ರಾತ್ರಿ ಒಂಬತ್ತೂವರೆ. ಆಗ ದುಬೈಯಲ್ಲಿ ಎಂಟು ಗಂಟೆ. ಗಲ್ಫಿನಲ್ಲಿರುವ ನಮ್ಮ ಜಿಲ್ಲೆಯವರು ಊಟದ ಹೊತ್ತಿಗೆ ಮೊಬೈಲ್ ಹಿಡಿದಿರುತ್ತಾರೆ. ಭಾರತದ ಮ್ಯಾಚ್ ಇರುವ ರಾತ್ರಿ ಬೇಡ. ಹತ್ತಿರದಲ್ಲಿ ಒಳ್ಳೆಯ ಮೇಳದ ಯಕ್ಷಗಾನ ಆಟ ಇದ್ದರೂ ಬೇಡ, ನನ್ನ ಇಬ್ಬರು ಖಾಯಂ ಗಿರಾಕಿಗಳು ಅಲ್ಲಿರುತ್ತಾರೆ. ಅಮೆರಿಕದವರಿಗೆ ಇಬೇಯಲ್ಲಿ ಇಟ್ಟರೆ ನಮ್ಮ ಸೋಮವಾರ ಬೆಳಗ್ಗೆ ಆರೂವರೆಗೆ ಮುಗಿಯುವ ಹಾಗೆ ನೋಡಿ. ಅವರ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಅದು ಭಾನುವಾರ ರಾತ್ರಿ ಒಂಬತ್ತು.

ಇಬೇಯಲ್ಲಿ ಗಡಿಯಾರ ನಿಲ್ಲುವುದಿಲ್ಲ. ಕೊನೆಯ ಐದು ಸೆಕೆಂಡಿನಲ್ಲಿ ಬಂದು ಎತ್ತಿಕೊಂಡು ಹೋಗುವವರಿದ್ದಾರೆ. ವಾಟ್ಸಾಪಿನಲ್ಲಿ ನಿಯಮ ನಿಮ್ಮದು: "ಕೊನೆಯ ಬಿಡ್ ಆಗಿ ಐದು ನಿಮಿಷ ಯಾರೂ ಏರಿಸದಿದ್ದರೆ ಮುಗಿಯಿತು." ಎರಡನೆಯವನಿಗೆ ಉಸಿರು ಎಳೆದುಕೊಳ್ಳಲು ಐದು ನಿಮಿಷ ಸಿಗುತ್ತದೆ. ನನ್ನ ಅನುಭವದಲ್ಲಿ ಆ ಐದು ನಿಮಿಷಗಳಲ್ಲೇ ಹೆಚ್ಚು ಹಣ ಬಂದಿದೆ.

9. ಅಂಚೆ

"ಅಂಚೆ ವೆಚ್ಚ ಬೇರೆ" ಅಂತ ಮೊದಲೇ ಬರೆಯಿರಿ, ಎಷ್ಟು ಅಂತಲೂ ಬರೆಯಿರಿ. ಹಳೇ ರಿಜಿಸ್ಟರ್ಡ್ ಬುಕ್ ಪೋಸ್ಟ್ ಈಗ ಇಲ್ಲ, ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ಅಗ್ಗದ ಪುಸ್ತಕಕ್ಕೆ ಅಂಚೆಯೇ ಭಾರ ಆಗುವುದರಿಂದ, 150 ರೂಪಾಯಿ ಒಳಗಿನದನ್ನು ನಾನು ಒಂಟಿಯಾಗಿ ಕಳಿಸುವುದೇ ಇಲ್ಲ. ಪ್ಯಾಕ್ ಮಾಡಿ, ಅಂಚೆ ಕಚೇರಿಯಲ್ಲಿ ತೂಗಿಸಿ, ಆಮೇಲೆ ಅಂಕೆ ಹಾಕಿ. ಎರಡೂ ಬದಿ ದಪ್ಪ ರಟ್ಟು, ಮಳೆಗಾಲದಲ್ಲಿ ಎರಡು ಪದರ ಪ್ಲಾಸ್ಟಿಕ್. ಆದರೆ ತೇವ ಇರುವ ಪುಸ್ತಕವನ್ನು ಹಾಗೇ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿದರೆ ಒಳಗೇ ಬೂಸು ಬೆಳೆಯುತ್ತದೆ. ಮೊದಲು ನೆರಳಲ್ಲಿ ಗಾಳಿಗೆ ಒಣಗಿಸಿ.

10. ಗೆದ್ದವನು ಹಣ ಕೊಡದಿದ್ದರೆ

ಆಗುತ್ತದೆ. ಎರಡು ದಿನ ಕಾಯಿರಿ, ಒಮ್ಮೆ ನೆನಪಿಸಿ, ಆಮೇಲೆ ಎರಡನೆಯವನ ಹತ್ತಿರ ಹೋಗಿ. ಯಾವ ಬೆಲೆಗೆ? ಅವನು ಹಾಕಿದ ಕೊನೆಯ ಬಿಡ್‌ಗೆ ಕೇಳುವುದು ರೂಢಿ. ನಾನು ಇನ್ನೊಂದು ಲೆಕ್ಕ ನೋಡುತ್ತೇನೆ. ಮೂರನೆಯವನು 450ಕ್ಕೆ ನಿಂತಿದ್ದ, ಎರಡನೆಯವನು 750ರ ತನಕ ಬಂದಿದ್ದ ಅನ್ನಿ. 450ರಿಂದ ಮೇಲೆ ಅವನನ್ನು ಎಳೆದುಕೊಂಡು ಹೋದವನು ಈ ಹಣ ಕೊಡದ ಮನುಷ್ಯ. ಅವನು ಇಲ್ಲದಿದ್ದರೆ ಪುಸ್ತಕ 470ಕ್ಕೆ ಹೋಗುತ್ತಿತ್ತು. ಹಾಗಾಗಿ 470ಕ್ಕೇ ಕೊಡುತ್ತೇನೆ. 280 ರೂಪಾಯಿ ಬಿಟ್ಟ ಹಾಗೆ ಕಾಣುತ್ತದೆ, ಆದರೆ ಆ ಹಣ ನನ್ನದಾಗಿರಲೇ ಇಲ್ಲ.

ಯಾರೂ ಬಿಡ್ ಹಾಕದೇ ಉಳಿದ ಪುಸ್ತಕವನ್ನು ಮರುದಿನವೇ ಬೆಲೆ ಇಳಿಸಿ ಮತ್ತೆ ಇಡಬೇಡಿ. ಮೂರು ತಿಂಗಳು ಪೆಟ್ಟಿಗೆಯಲ್ಲಿರಲಿ. ಅಷ್ಟರಲ್ಲಿ ಗ್ರೂಪಿಗೆ ಹೊಸಬರು ಬಂದಿರುತ್ತಾರೆ.

470ರ ಆ ಲೆಕ್ಕದಲ್ಲಿ ನಾನು ಮೊದಲ ಸಲ ಕೊಟ್ಟದ್ದು ಅಂಕೋಲಾದ ಅವರಿಗೇ. ಆಮೇಲೆ ಅವರು ನನ್ನಿಂದ ಹನ್ನೊಂದು ಪುಸ್ತಕ ಕೊಂಡಿದ್ದಾರೆ. ಮಳೆಗಾಲದಲ್ಲಿ ಹರಾಜು ಇಡುವುದಾದರೆ ಈಗ ಸಂಜೆಯೇ ಅವರಿಗೊಂದು ಫೋನ್ ಮಾಡಿ ಕೇಳುತ್ತೇನೆ: "ಕರೆಂಟು ಉಂಟಾ?"